ಹನ್ನೆರಡು ಎಲೆಯ ಪಂಕ್ತಿ

ಹೊಳೆದಂಡೆಯ ಆಶ್ರಮದ ವೀಣೆ ಅಲಮೇಲಮ್ಮನವರಿಗೆ ಅರವತ್ತು ದಾಟಿದ ಮೇಲೆ ಬುದ್ಧಿ ಕೆಟ್ಟಿತು ಅಂತ ಊರೆಲ್ಲ ಆಡಿಕೊಂಡಿತು. ಊರ ಬಾಯಿಗೇನು, ಅಗುಳಿ ಉಂಟೇ?

ಆದದ್ದು ಇಷ್ಟು. ಯಾವುದೋ ಸೀಮೆಯ ದೊರೆಸಾನಿಯೊಬ್ಬಳು ಬಂದು ಆರು ತಿಂಗಳು ಅವರಲ್ಲಿ ವೀಣೆ ಕಲಿತಳಂತೆ. ಹೋಗುವಾಗ ಗುರುದಕ್ಷಿಣೆ ಅಂತ ತನ್ನ ಕಡೆಯ ಹೊಸ ಸಂಗೀತದ ಕ್ರಮವೊಂದನ್ನು ತಿಳಿಸಿ ಹೋದಳಂತೆ. ಮಾರನೆಯ ದಿನವೇ ಅಲಮೇಲಮ್ಮನವರು ಸದಾ ಷಡ್ಜದ ಶ್ರುತಿ ಹಿಡಿಯುವ ತಂಬೂರಿಗೆ ಗವಸು ತೊಡಿಸಿ ಅಟ್ಟಕ್ಕೇರಿಸಿದರು.

ಮಾಟ ಮಾಡಿಸಿದಳು ಅಂದವರೂ ಇದ್ದರು. ಅಮ್ಮನವರ ಕೈಯಲ್ಲಿ ವೀಣೆ ಕೇಳಿದವರು ಮಾತ್ರ ಹಾಗೆ ಅನ್ನಲಿಲ್ಲ.

ವೀಣೆಯಲ್ಲಿ ಸ್ವರದ ಸ್ಥಾನ ಹನ್ನೆರಡು. ನಮ್ಮ ಸಂಗೀತದಲ್ಲಿ ಷಡ್ಜವೇ ಯಜಮಾನ; ಮಿಕ್ಕವರು ಎಲ್ಲಿ ಸುತ್ತಿದರೂ ಅವನ ಕಾಲ ಬಳಿಗೇ ಬಂದು ಬೀಳಬೇಕು. ಈ ಹೊಸ ಕ್ರಮದಲ್ಲಿ ಹಾಗಿಲ್ಲ. ಹನ್ನೆರಡನ್ನೂ ಒಂದು ಸಾಲಿಗೆ ಕೂರಿಸಬೇಕು. ಎಲ್ಲಕ್ಕೂ ಒಂದೊಂದು ಸಲ ಆಗುವ ತನಕ ಯಾವುದನ್ನೂ ಎರಡನೇ ಸಲ ಮುಟ್ಟಕೂಡದು.

ಶಿಷ್ಯ ಶೇಷಾದ್ರಿಗೆ ಹಳೆಯ ಸಂಗೀತದಲ್ಲಿ ಹತ್ತು ವರ್ಷದ ಅಭ್ಯಾಸ. ಹೊಸದರಲ್ಲಿ ಮೂರು ತಿಂಗಳು. ತಲೆಗೆ ಹತ್ತಿದ್ದು ಸೊನ್ನೆ.

ಅದರ ಮೇಲೆ ಶ್ಯಾನುಭೋಗ ಸಂಪತ್ತಯ್ಯನವರ ಮಾತು ಬೇರೆ. "ಆ ಅಪಸ್ವರ ಬಿಟ್ಟು ಬಂದರೆ ನನ್ನ ಮಗಳನ್ನು ಕೊಡುತ್ತೇನೆ. ಇಲ್ಲವಾದರೆ ಬೇರೆ ಕಡೆ ಜಾತಕ ಕಳಿಸುತ್ತೇನೆ."

ಶೇಷಾದ್ರಿ ಗಂಟು ಕಟ್ಟಿದ.

"ಅಮ್ಮಾ, ನಾನು ಹೊರಟೆ."

"ಯಾಕಪ್ಪ?"

"ಈ ಸಂಗೀತದಲ್ಲಿ ಕಿವಿ ಕೂರುವುದಕ್ಕೆ ಒಂದು ಜಗಲಿ ಇಲ್ಲ. ಮನೆಯಿಲ್ಲ, ಯಜಮಾನನಿಲ್ಲ. ನನಗೆ ಅರ್ಥವಾಗುವುದಿಲ್ಲ."

"ಇವತ್ತು ಪಂಕ್ತಿಗೆ ಹನ್ನೆರಡು ಎಲೆ ಬಿದ್ದಿದೆ. ತುಪ್ಪ ಬಡಿಸಿ ಹೋಗು."

ಮೊದಲನೇ ಎಲೆಗೆ ಯಾರು ಅಂತೀರಿ? ಅಳಿಯನಾಗುವವನನ್ನು ಕರೆದೊಯ್ಯಲು ಬಂದಿದ್ದ ಶ್ಯಾನುಭೋಗರೇ. ಕೊನೆಯ ಎಲೆಗೆ ಅಂಬಿಗರ ಕಾಳಮ್ಮ. ಅವಳನ್ನು ನೋಡಿ ಶ್ಯಾನುಭೋಗರು ಮೂಗು ಮುರಿದದ್ದೇನೋ ನಿಜ. ಆದರೆ ಆಶ್ರಮದ ಹುಳಿಯ ಘಮಕ್ಕೆ ಮಡಿ ಮರೆತು ಕೂತರು.

ಶೇಷಾದ್ರಿ ತುಪ್ಪದ ಮಿಳ್ಳೆ ಹಿಡಿದು ಬಂದ. ಮಾವನಾಗುವವರ ಅನ್ನದ ಮೇಲೆ ಧಾರಾಳವಾಗಿ ಸುರಿದ.

ಎರಡು ಎಲೆ ದಾಟಿದ. ಶ್ಯಾನುಭೋಗರು ಕೆಮ್ಮಿದರು. ಓಡಿ ಬಂದು ಮತ್ತೆ ಸುರಿದ.

ಐದು ಎಲೆ ದಾಟಿದ. ಮತ್ತೆ ಕೆಮ್ಮು. ಮತ್ತೆ ಬಂದ.

ಕಾಳಮ್ಮನ ಎಲೆ ಮುಟ್ಟುವಷ್ಟರಲ್ಲಿ ಮಿಳ್ಳೆಯಲ್ಲಿ ಉಳಿದದ್ದು ವಾಸನೆ.

"ಇರಲಿ ಬುಡಿ ಸ್ವಾಮಿ," ಅಂದಳು ಕಾಳಮ್ಮ. "ನಾನು ಕೆಮ್ಮೋದು ಕಲೀಲಿಲ್ಲ."

ಪಂಕ್ತಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅಲಮೇಲಮ್ಮನವರು ನಗಲಿಲ್ಲ.

"ಶೇಷಾದ್ರಿ, ಇದಕ್ಕೆ ಏನಂತಾರೆ?"

ಅವನು ತಲೆ ತಗ್ಗಿಸಿದ. "ಪಂಕ್ತಿಭೇದ, ಅಮ್ಮ."

"ಯಾಕೆ ಮಾಡಿದೆ?"

"ಬೇಕೂಂತ ಮಾಡಲಿಲ್ಲ. ದೊಡ್ಡವರು ಕೆಮ್ಮಿದರು. ಕಾಲು ತಾನಾಗಿ ಅತ್ತ ಹೋಯಿತು."

"ಹೋಗದೆ ಏನು? ಹತ್ತು ವರ್ಷದ ಅಭ್ಯಾಸ."

ಅಷ್ಟು ಅಂದವರೇ ವೀಣೆ ತರಿಸಿದರು. ಅನ್ನ ಆರುತ್ತಿತ್ತು. ಎಲೆಗೆ ಕೈಯಿಡುವ ಧೈರ್ಯ ಯಾರಿಗೂ ಬರಲಿಲ್ಲ.

ಅಮ್ಮನವರು ನಿಧಾನವಾಗಿ ಹನ್ನೆರಡು ಸಲ ಮೀಟಿದರು. ಪ್ರತಿ ಮೀಟಿಗೂ ಶೇಷಾದ್ರಿಯ ಕಣ್ಣು ಒಂದೊಂದು ಎಲೆ ಮುಂದಕ್ಕೆ ಸರಿಯಿತು. ಒಂದನೇ ಎಲೆ. ಎರಡನೇ ಎಲೆ. ಹಿಂದಕ್ಕೆ ಹೋಗಲಿಲ್ಲ. ಇಷ್ಟು ದಿನ ಇನ್ನೊಬ್ಬರ ಬೆನ್ನ ಹಿಂದೆ ನಿಂತಿರುತ್ತಿದ್ದ ಪ್ರತಿಮಧ್ಯಮ ಸ್ವರ, ಅವತ್ತು ತನ್ನ ಎಲೆಯ ಮುಂದೆ ತಾನೇ ಚಕ್ಕಳಮಕ್ಕಳ ಹಾಕಿ ಕೂತ ಹಾಗೆ ಕೇಳಿಸಿತು. ಕೊನೆಯ ಸ್ವರ ಕಾಳಮ್ಮನ ಎಲೆಯ ಮೇಲೆ ನಿಂತಿತು.

ಏನು ಕೈ ಆ ತಾಯಿಯದು! ಅಂಗಳದ ಕಾಗೆಯೂ ಬಾಯಿ ಮುಚ್ಚಿತು ಅಂತಾರೆ.

ಶೇಷಾದ್ರಿ ಒಳಗೆ ಹೋಗಿ ಮಿಳ್ಳೆ ತುಂಬಿಸಿಕೊಂಡು ಬಂದ. ನೆಟ್ಟಗೆ ಕಾಳಮ್ಮನ ಎಲೆಗೆ ನಡೆದ.

ಶ್ಯಾನುಭೋಗರು ಕೆಮ್ಮಿದರು. ಅವನು ತಿರುಗಲಿಲ್ಲ.

ಅವರು ದಡಕ್ಕನೆ ಎದ್ದರು. ಮೂರು ಸಲದ ತುಪ್ಪ ಬಿಟ್ಟು ಏಳುವುದು ಅಂದರೆ ಎಂಥ ಸಿಟ್ಟು ನೋಡಿ! "ಬರುತ್ತೀಯೋ, ಜಾತಕ ಬೇರೆ ಕಡೆ ಕಳಿಸಲೋ?"

"ಕಳಿಸಿ, ಮಾವ," ಅಂದುಬಿಟ್ಟ. ಮಾವ ಅನ್ನುವ ಮಾತು ಅದೇ ಕೊನೆ. ಊರಿಗೆ ಒಂದು ವರ್ಷ ಅಗಿಯುವಷ್ಟು ಸುದ್ದಿ ಸಿಕ್ಕಿತು.

ಶೇಷಾದ್ರಿ ಗಂಟನ್ನು ಗೋಡೆಗೆ ಒರಗಿಸಿಟ್ಟ. ಕಾಳಮ್ಮನ ಪಕ್ಕದಲ್ಲಿ ಎಲೆ ಹಾಕಿಕೊಂಡು ಕೂತ. ಅನ್ನ ಕಲಸುತ್ತ ಕಲಸುತ್ತ ಏನೋ ನೆನಪಾಗಿ ಕೈ ನಿಲ್ಲಿಸಿದ.

"ಅಮ್ಮಾ, ಆಗ ನುಡಿಸಿದಿರಲ್ಲ, ಅದರಲ್ಲಿ ಷಡ್ಜ ಎಲ್ಲಿದ್ದ? ನನಗೆ ಗೊತ್ತೇ ಆಗಲಿಲ್ಲ."

ಅಲಮೇಲಮ್ಮನವರು ಅವನ ಎಲೆಗೆ ತುಪ್ಪ ಬಡಿಸಿದರು.

"ಏಳನೇ ಎಲೆಯಲ್ಲಿ ಕೂತಿದ್ದ ಕಣಪ್ಪ. ಕೆಮ್ಮಲಿಲ್ಲ."