ಸಕ್ಕರೆ ಗುಳಿಗೆಯ ಚೀಟಿ

ಮಲಪ್ರಭೆಯ ದಡದಲ್ಲೊಂದು ಆಶ್ರಮ, ಅದರಲ್ಲೊಂದು ಪುಟ್ಟ ದವಾಖಾನೆ. ಅದನ್ನು ನಡೆಸುತ್ತಿದ್ದವರು ಮಹಾಂತಜ್ಜ. ಅವರ ಕೈಯಲ್ಲಿ ವೈದ್ಯ ಕಲಿತ ಮೃಡಾನಿ ಪಟ್ಟಣದಲ್ಲಿ ದೊಡ್ಡ ಓದು ಓದಿ ಸಂಶೋಧನೆಗೆ ಇಳಿದಿದ್ದಳು. ಆದರೂ ಅಜ್ಜನಿಗೆ ಅವಳು ಇನ್ನೂ 'ತಂಗಿ'ಯೇ.

ಒಂದು ದಿನ ಅವಳು ಮುಖ ಸಣ್ಣ ಮಾಡಿಕೊಂಡು ಬಂದಳು.

"ಅಜ್ಜಾರ, ಗಾಜಿನ ತಟ್ಟಿಯೊಳಗ ಬೆಳೆಸಿದ ಜೀವಕೋಶಕ್ಕ ಸಕ್ಕರಿ ಗುಳಿಗಿ ಹಾಕಿದ್ರ ಗರ್ಭಕೋಶದ ಕೊರಳಿನ ಕ್ಯಾನ್ಸರ್ ಬೆಳಿಯೋದು ನಿಧಾನ ಆಗತೈತ್ರಿ. ಮಂದಿಗೆ ಕೊಟ್ಟು ಪರೀಕ್ಷೆ ಮಾಡೂಣು ಅಂದ್ರ ದೊಡ್ಡ ಡಾಕ್ಟರೆಲ್ಲಾ ನಕ್ಕರು. ಸಕ್ಕರಿ ಗುಳಿಗಿಗೆ ಅಲ್ಲೇನು ಕೆಲಸ ಅಂದ್ರು. ಬಿಟ್ಟುಬಿಡ್ತೀನಿ."

"ನಮ್ಮ ರುದ್ರವ್ವಗೂ ಅದ ರೋಗ ಬಂದೈತಿ" ಎಂದರು ಅಜ್ಜ.

ಮೃಡಾನಿಗೆ ಆಶ್ರಮದಲ್ಲಿ ಕಲಿಯುವ ಕಾಲದಲ್ಲಿ ಬಿಸಿ ರೊಟ್ಟಿ ಬಡಿದು ಹಾಕಿದವಳು ಆ ರುದ್ರವ್ವ.

ಅಜ್ಜ ಕಪಾಟಿನಿಂದ ಒಂದು ಡಬ್ಬಿ ತೆಗೆದರು.

"ಚೀಟಿ ಓದು."

"ಸಕ್ಕರಿ ಗುಳಿಗಿ."

"ಒಳಗ ಸಕ್ಕರಿ ಐತೇನು?"

"ಇಲ್ರಿ. ಸಕ್ಕರಿ ಬ್ಯಾನಿ ಇದ್ದವರಿಗೆ ಕೊಡ್ತೀವಿ, ಅದಕ್ಕ ಆ ಹೆಸರು."

"ಅಂದ್ರ ಹೆಸರು ರೋಗದ್ದು, ಗುಳಿಗಿದಲ್ಲ. ಕಿತ್ತು ಹಾಕು."

ಅವಳು ಉಗುರಿನಿಂದ ಚೀಟಿ ಕಿತ್ತಳು.

"ಈಗ ಹೇಳು, ಇದು ಏನೇನು ಮಾಡತೈತಿ?"

"ಪೂರಾ ಗೊತ್ತಿಲ್ರಿ."

ಅಜ್ಜ ಗಟ್ಟಿಯಾಗಿ ನಕ್ಕರು. "ಹಾಂ! ಈಗ ಹೋಗಿ ಕೇಳು."

ಅವಳು ಹೋದಳು. ನಕ್ಕವರ ಬಾಗಿಲಿಗೇ ಮತ್ತೆ ಹೋಗಿ, ಅವರು ಎತ್ತಿದ ಒಂದೊಂದು ತಕರಾರಿಗೂ ಉತ್ತರ ಕೊಟ್ಟು, ಕಡೆಗೆ ಪರೀಕ್ಷೆಗೆ ಅಪ್ಪಣೆ ಪಡೆದೇ ಬಂದಳು.

ರುದ್ರವ್ವನಿಗೆ ಆಗಲೇ ಪಟ್ಟಣದ ಆಸ್ಪತ್ರೆಯಲ್ಲಿ ಕರೆಂಟು, ಅಂದರೆ ವಿಕಿರಣ ಚಿಕಿತ್ಸೆ, ಕೊಡುತ್ತಿದ್ದರು. ಒಂದು ದಿನ ದವಾಖಾನೆಗೆ ಬಂದವಳು ಅಜ್ಜನ ಎದುರಿಗೇ ಮೃಡಾನಿಯ ಕೈ ಹಿಡಿದುಕೊಂಡಳು.

"ಕರೆಂಟಿನ ಜೋಡಿ ಈ ಗುಳಿಗಿನೂ ತಗೊಂಡ್ರ ನಾ ಉಳೀತೀನೇನು?"

ಉಳೀತಿ ಅನ್ನುವ ಮಾತು ಮೃಡಾನಿಯ ನಾಲಿಗೆಯ ತುದಿಗೇ ಬಂದಿತ್ತು. ಅಷ್ಟರಲ್ಲಿ ಮೇಜಿನ ಮೇಲಿನ ಡಬ್ಬಿ ಕಣ್ಣಿಗೆ ಬಿತ್ತು. ಚೀಟಿ ಇದ್ದ ಜಾಗದಲ್ಲಿ ಬರೀ ಅಂಟಿನ ಕಲೆ.

"ಗೊತ್ತಿಲ್ಲವ್ವಾ. ತಟ್ಟಿಯೊಳಗ ಆಗಿದ್ದು ಮನುಷ್ಯಾರಿಗೂ ಆಗತೈತೋ ಇಲ್ಲೋ, ಅದನ್ನ ನೋಡಾಕ ಈ ಪರೀಕ್ಷೆ. ನೀ ಬ್ಯಾಡಂದ್ರೂ ಕರೆಂಟು ನಿಲ್ಲಂಗಿಲ್ಲ. ಹೂಂ ಅಂದ್ರೂ, ಬ್ಯಾಡ ಅಂದ್ರೂ ನಾ ನಿನ್ನ ಜೋಡಿ ಇರ್ತೀನಿ."

ರುದ್ರವ್ವ ಕೈ ಚಾಚಿದಳು.

"ಸುಳ್ಳು ಹೇಳಲಿಲ್ಲ ನೀ. ಕೊಡು, ತಗೋತೀನಿ."

ಅಜ್ಜನಿಗೆ ಹೆಮ್ಮೆ ತಡೆಯಲಾಗಲಿಲ್ಲ. ಎದ್ದು, ತಾವು ಕೂರುವ ಕುರ್ಚಿಯನ್ನು ಮೃಡಾನಿಯ ಕಡೆಗೆ ಎಳೆದಿಟ್ಟರು.

ರುದ್ರವ್ವ ಹಳೆಯ ರೂಢಿಯಂತೆ ಅವರತ್ತ ತಿರುಗಿದಳು.

"ಅಜ್ಜಾರ, ಇದನ್ನ ಊಟದ ಮುಂದ ತಗೊಳ್ಳೋದೋ, ಊಟ ಆದ ಮ್ಯಾಲೋ?"

"ನನ್ನ ಯಾಕ ಕೇಳ್ತಿ ರುದ್ರವ್ವಾ? ಡಾಕ್ಟರು ಇಲ್ಲೇ ಅದಾರಲ್ಲ, ಅವರನ್ನ ಕೇಳು."