ಬೋರಣ್ಣನ ಬಾಯಿ ತುಂಬ ಹೊಗೆಸೊಪ್ಪು

ಮಕ್ಕಳೇ, ಹತ್ತಿರ ಬನ್ನಿ, ಇನ್ನೂ ಹತ್ತಿರ! ಕೂಗಬೇಕಾದವನು ಕೂಗದೇ ಹೋದ ಕತೆ ಹೇಳುತ್ತೇನೆ. ನೆನೆಸಿಕೊಂಡರೆ ನನಗೆ ಈಗಲೂ ಎದೆ ಡವಡವ ಅನ್ನುತ್ತದೆ!

ಬಿದಿರುಕಟ್ಟೆ ಕಾಡಿನ ನಡುವೆ ಒಂದು ಕೆರೆ. ಕೆರೆಯ ದಂಡೆಯಲ್ಲಿ ಎತ್ತರವಾದ ಒಂದು ಮತ್ತಿ ಮರ. ಅದರ ಮೇಲೆ ಕಪ್ಪು ಮೂತಿಯ, ಉದ್ದ ಬಾಲದ ಒಬ್ಬ ಮುಸುವ ಕೂತಿರುತ್ತಿದ್ದ. ಹೆಸರು ಬೋರಣ್ಣ. ಕೆಲಸ ಕಾವಲು. ಕೆರೆಗೆ ಬರಲು ಇದ್ದದ್ದು ಬಂಡೆಗಳ ಸಂದಿಯ ಒಂದೇ ದಾರಿ; ಅಲ್ಲಿಂದ ಯಾರೇ ಒಳಗೆ ಬರಲಿ, "ಖೆಕ್! ಖೆಕ್! ಖೆಕ್!" ಎಂದು ಕೂಗಬೇಕು. ಆ ಕೂಗು ಕೇಳಿದರೆ ಸಾಕು, ಕೆಳಗೆ ಮೇಯುವ ಜಿಂಕೆಗಳು ಚಂಗನೆ ನೆಗೆದು ಮಾಯ! ಬೇಟೆಗೆ ಬಂದ ಚಿರತೆ ಬೆಪ್ಪಾಗಿ ನಿಂತುಬಿಡುತ್ತಿತ್ತು.

ಆ ಕಾಡಿಗೆ ಹೊಗೆಸೊಪ್ಪು ತರಬಾರದು ಎಂದು ಹಿರಿಯಳಾದ ಆನೆಯಜ್ಜಿ ಕಟ್ಟಪ್ಪಣೆ ಮಾಡಿದ್ದಳು. ಹಿಂದೊಮ್ಮೆ ಅದರ ಚಟ ಹತ್ತಿ ಎಷ್ಟೋ ಪ್ರಾಣಿಗಳು ಕೆಮ್ಮಿ ಕೆಮ್ಮಿ ಸೊರಗಿದ್ದವು. ಯಾರೋ ಸೇದಿ ಎಸೆದ ಕಿಡಿಗೆ ಅರ್ಧ ಹುಲ್ಲುಗಾವಲೇ ಸುಟ್ಟುಹೋಗಿತ್ತು.

ಆದರೆ ಬೇಡ ಅಂದ ವಸ್ತುವಿಗೆ ಗಿರಾಕಿ ಜಾಸ್ತಿ ಅಲ್ಲವೇ? ಪುನುಗು ಬೆಕ್ಕು ಪುನುಗಪ್ಪನಿಗೆ ಇದು ಚೆನ್ನಾಗಿ ಗೊತ್ತಿತ್ತು. ಕಾಡಿನಾಚೆಯ ಹಳ್ಳಿಯಲ್ಲಿ ಒಣಗಿಸಿಟ್ಟ ಹೊಗೆಸೊಪ್ಪನ್ನು ಕದ್ದು, ಮುತ್ತುಗದ ಎಲೆಯಲ್ಲಿ ಕಟ್ಟಿ, ಕಾಡಿನೊಳಗೆ ಗುಟ್ಟಾಗಿ ಮಾರಿದರೆ ಜೇನು, ಹಣ್ಣು ಬೇಕಾದಷ್ಟು ಸಿಗುತ್ತದೆ. ಒಂದೇ ತೊಂದರೆ. ಬರುವ ದಾರಿಯ ಮೇಲೆಯೇ ಬೋರಣ್ಣ ಕೂತಿದ್ದಾನೆ!

ಒಂದು ದಿನ ಪುನುಗಪ್ಪ ಮರದ ಕೆಳಗೆ ನಿಂತು ಹಲ್ಲು ಕಿರಿದ.

"ಏನ್ ಬೋರಣ್ಣಾ, ಕೂತು ಕೂತು ಬೇಜಾರಾಗಲ್ವಾ? ತಗೋ, ಇದೊಂದು ಚೂರು ದವಡೆಗೆ ಇಟ್ಕೊಂಡು ನೋಡು."

"ಅಯ್ಯಯ್ಯೋ, ಹೊಗೆಸೊಪ್ಪಾ? ಆನೆಯಜ್ಜಿಗೆ ಗೊತ್ತಾದರೆ ಬೆನ್ನು ಮುರೀತಾಳೆ!"

"ಹೇಳೋಕೆ ಯಾರು ಹೋಗ್ತಾರೆ? ನಾನೇನು ಚಿರತೆಯಾ? ನನ್ನಿಂದ ಯಾರ ಪ್ರಾಣ ಹೋಗುತ್ತೆ ಹೇಳು! ಸಂಜೆ ನಾನು ಬರೋವಾಗ ನೀನು ಆ ಕಡೆ ಮುಖ ತಿರುಗಿಸು, ಅಷ್ಟೇ. ದಿನಾ ನಿನ್ನ ಪಾಲು ನಿನಗೆ."

ಬೋರಣ್ಣ ಅತ್ತ ನೋಡಿದ, ಇತ್ತ ನೋಡಿದ. ಒಂದು ಚೂರು ಇಟ್ಟುಕೊಂಡ. ತಲೆ ಗಿರ್ ಅಂದಿತು. ಮೈ ಹಗುರಾಯಿತು. ಮುಗೀತು! ಮರುದಿನ ಸಂಜೆಯಾಗುವ ಮೊದಲೇ ಪುನುಗಪ್ಪನಿಗೆ ಕಾಯತೊಡಗಿದ. ಆಮೇಲಾಮೇಲೆ ಅವನು ಬರುವ ಹೊತ್ತಿಗೆ ಬೋರಣ್ಣನ ಬಾಯಿ ತುಂಬಿರುತ್ತಿತ್ತು, ಕಣ್ಣು ಅರ್ಧ ಮುಚ್ಚಿರುತ್ತಿತ್ತು.

ಆಗ ಸಣ್ಣಮ್ಮ ಎಂಬ ಜಿಂಕೆ ಮರಿ ಹಾಕಿದಳು. ಮುದ್ದಾದ ಹೆಣ್ಣುಮರಿ, ಇನ್ನೂ ಕಾಲು ನಡುಗುತ್ತಿತ್ತು. ಅದನ್ನು ಮತ್ತಿ ಮರದ ಬುಡದ ಹುಲ್ಲಿನಲ್ಲಿ ಮಲಗಿಸಿ ಸಣ್ಣಮ್ಮ ಮೇಲೆ ನೋಡಿದಳು.

"ಬೋರಣ್ಣಾ, ಮಗೂನ ಇಲ್ಲೇ ಬಿಟ್ಟಿದ್ದೀನಿ ಕಣಪ್ಪಾ. ಹಾಲಿಗೆ ನಾನೂ ಒಂದಿಷ್ಟು ಮೇಯಬೇಕಲ್ಲ. ಮೇಲೆ ನೀನಿರೋವಾಗ ನನಗೇನು ಭಯ!"

ಬೋರಣ್ಣ ಗದ್ದ ಮೇಲೆತ್ತಿ, ರಸ ಚೆಲ್ಲದ ಹಾಗೆ, "ಊಂ... ಊಂ..." ಅಂದ.

"ಕೆನ್ನೆ ಯಾಕೆ ಊದಿದೆ?"

ಅವನು ಮಾತಾಡದೆ ಹಲ್ಲು ತೋರಿಸಿ ನೋವು ಎಂದು ಸನ್ನೆ ಮಾಡಿದ. ಪಾಪ, ಸಣ್ಣಮ್ಮ ನಂಬಿದಳು. ಕೆರೆಯ ಆಚೆ ದಂಡೆಗೆ ಮೇಯಲು ಹೋದಳು.

ಇದನ್ನೆಲ್ಲ ಇನ್ನೊಬ್ಬ ನೋಡುತ್ತಿದ್ದ. ಯಾರು? ಚಿರತೆ! ಸಂದಿಯಾಚೆ ಒಂದು ಬಂಡೆಯ ಮರೆಯಲ್ಲಿ ಮಲಗಿ ದಿನವೂ ಗಮನಿಸಿತ್ತು. "ಅಲೆಲೆ! ನಾನು ಕಾಲಿಟ್ಟರೆ ಕಾಡೇ ಕಿತ್ತುಹೋಗೋ ಹಾಗೆ ಅರಚೋ ಈ ಮುಸುವ, ಪುನುಗಪ್ಪ ಬಂದರೆ ಉಸಿರೇ ಎತ್ತಲ್ಲ. ಆ ಸೊಪ್ಪಿನ ಘಾಟಿಗೆ ನನ್ನ ಮೈವಾಸನೆಯೂ ಯಾರ ಮೂಗಿಗೂ ಬೀಳಲ್ಲ. ಪುನುಗಪ್ಪನ ಹಿಂದೆಯೇ ಹೋದರಾಯ್ತು!"

ಆ ಸಂಜೆ ಪುನುಗಪ್ಪ ಕಟ್ಟು ಕಚ್ಚಿಕೊಂಡು ಬಂಡೆಗಳ ಸಂದಿಯಲ್ಲಿ ನುಸುಳಿ ಬಂದ. ಹಿಂದೆಯೇ, ಸದ್ದಿಲ್ಲದ ಹೆಜ್ಜೆ ಇಡುತ್ತ, ಚಿರತೆ!

ತರಗೆಲೆ ಸರಕ್ ಅಂದಿತು. 'ಪುನುಗಪ್ಪನೇ ಇರಬೇಕು' ಎಂದುಕೊಂಡು ಬೋರಣ್ಣ ಮುಖ ತಿರುಗಿಸಿದ. ಮತ್ತೆ ಸರಕ್ ಅಂದಿತು. ಸುಮ್ಮನೆ ಒಮ್ಮೆ ಕೆಳಗೆ ಬಗ್ಗಿ ನೋಡಿದ. ಅಯ್ಯಯ್ಯೋ! ಹುಲ್ಲಿನ ಮೇಲೆ ಉದ್ದನೆಯ ಚುಕ್ಕೆಬಾಲ ಆಡುತ್ತಿದೆ! ಅಲ್ಲೇ ಮಗು ಮಲಗಿದೆ!

ಕೂಗೋ ಬೋರಣ್ಣಾ, ಕೂಗೋ!

"ಊಂ! ಊಂ!" ಬಾಯಿ ತುಂಬ ಹೊಗೆಸೊಪ್ಪು! ಉಗುಳಲು ಹೋಗಿ ಗಾಬರಿಯಲ್ಲಿ ರಸವನ್ನೆಲ್ಲ ನುಂಗಿಬಿಟ್ಟ. ಗಂಟಲು ಭಗ್ ಎಂದು ಉರಿಯಿತು. ಬಿಕ್ಕಳಿಕೆ ಬಂತು, ಕೂಗು ಬರಲಿಲ್ಲ. ಮರ ಗಿರಗಿರ ತಿರುಗಿತು, ಕೈ ಜಾರಿತು.

ಕೆಳಗೆ ಪುನುಗಪ್ಪ ಹಿಂದೆ ತಿರುಗಿ ನೋಡಿದವನೇ ಕಟ್ಟು ಅಲ್ಲೇ ಎಸೆದು ಪೊದೆಗೆ ಹಾರಿದ. ಚಿರತೆ ಮರಿಯ ಮೇಲೆ ನೆಗೆಯಲು ಮೈ ಕುಗ್ಗಿಸಿತು. ಇನ್ನೇನು ನೆಗೆಯಬೇಕು...

ಧೊಪ್!

ಬೋರಣ್ಣ ಬಿದ್ದದ್ದು ನೇರವಾಗಿ ಆ ಕಟ್ಟಿನ ಮೇಲೆ! ಒಣಸೊಪ್ಪು ಪುಡಿಪುಡಿಯಾಗಿ ಭುಸ್ ಎಂದು ಎದ್ದು ಚಿರತೆಯ ಕಣ್ಣಿಗೆ, ಮೂಗಿಗೆ ನುಗ್ಗಿತು.

"ಆ... ಆ... ಆಕ್ಷೀ! ಆಕ್ಷೀ!"

ಎಂಥಾ ಸೀನು ಅಂತೀರಿ! ಆಚೆ ದಂಡೆಯಲ್ಲಿ ಸಣ್ಣಮ್ಮನ ಕಿವಿ ನಿಮಿರಿತು. ಅವಳು ಕೂಗಿದಳು, ಹಿಂಡೆಲ್ಲ ಕೂಗಿತು. ಅಮ್ಮನ ದನಿ ಕೇಳಿ ಮರಿ ಎದ್ದು, ಬಿದ್ದು, ಮತ್ತೆ ಎದ್ದು ಓಡಿತು. ಅಷ್ಟರಲ್ಲಿ ಆನೆಯಜ್ಜಿಯೂ ಘೀಳಿಡುತ್ತ ಬಂದಳು. ಕಣ್ಣಲ್ಲಿ ನೀರು, ಮೂಗಲ್ಲಿ ನೀರು ಸುರಿಸುತ್ತ ಚಿರತೆ ಬಂದ ದಾರಿಯಲ್ಲೇ ಕಾಲ್ಕಿತ್ತಿತು.

ಎಲ್ಲರೂ ಮರದ ಬುಡದಲ್ಲಿ ಸೇರಿದರು. ಬೋರಣ್ಣ ಸೊಂಟ ಹಿಡಿದುಕೊಂಡು ಕೂತಿದ್ದ, ಬಾಯಿಯ ಸುತ್ತ ಹೊಗೆಸೊಪ್ಪು ಮೆತ್ತಿತ್ತು. ಪೊದೆಯಿಂದ ಹೊರಬಂದ ಪುನುಗಪ್ಪನ ಭಂಡತನ ನೋಡಿ! ಎದೆ ಸೆಟೆಸಿ ಹೇಳಿದ:

"ನೋಡಿದ್ರಾ? ನನ್ನ ಹೊಗೆಸೊಪ್ಪಿನಿಂದಲೇ ಮಗು ಉಳೀತು! ಸುಮ್ಮನೆ ಬೈತಿದ್ರಿ."

"ಹೌದಲ್ವಾ!" ಎಂದು ಒಂದು ಮೊಲ ತಲೆಯಾಡಿಸಿಯೂಬಿಟ್ಟಿತು.

ಸಣ್ಣಮ್ಮ ಪುನುಗಪ್ಪನ ಕಡೆ ತಿರುಗಿಯೂ ನೋಡಲಿಲ್ಲ. ನೇರವಾಗಿ ಬೋರಣ್ಣನ ಮುಂದೆ ಬಂದು ನಿಂತಳು.

"ಬೋರಣ್ಣಾ, ಇವತ್ತು ಚಿರತೆಗೆ ಸೀನು ಬಂತು. ಬರದೇ ಇದ್ದಿದ್ದರೆ?"

ಬೋರಣ್ಣನಿಗೆ ಅಳು ಉಕ್ಕಿ ಬಂತು.

"ತಪ್ಪಾಯ್ತು ಅಕ್ಕಾ. ಪುನುಗಪ್ಪ ಒಬ್ಬನಿಗೆ ತಾನೇ ದಾರಿ ಬಿಡೋದು, ಏನಾಗುತ್ತೆ ಅಂದ್ಕೊಂಡೆ. ಚಿರತೆಗೂ ಬಿಟ್ಟ ಹಾಗಾಯ್ತು ಅಂತ ಹೊಳೀಲೇ ಇಲ್ಲ."

ಆನೆಯಜ್ಜಿ ಪುನುಗಪ್ಪನನ್ನು ಸೊಂಡಿಲಿನಲ್ಲಿ ಎತ್ತಿ ಕಾಡಿನಾಚೆ ಬಿಟ್ಟು ಬಂದಳು. ಕಾವಲಿಗೆ ಬೋರಣ್ಣನ ಚಿಕ್ಕಮ್ಮ ಮರ ಹತ್ತಿದಳು. ಸಣ್ಣಮ್ಮ ಮಾತ್ರ ಆಮೇಲೆ ಎಷ್ಟೋ ದಿನ ಮಗುವನ್ನು ತನ್ನ ಹೊಟ್ಟೆಯ ಅಡಿಯಿಂದ ಆಚೆ ಬಿಡಲಿಲ್ಲ. ಹಸಿದುಕೊಂಡೇ ನಿಂತಿರುತ್ತಿದ್ದಳು.

ನೀತಿ: ಆಸೆಗೆ ಬಿದ್ದು ಒಬ್ಬ ಕಳ್ಳನಿಗೆ ದಾರಿ ಬಿಟ್ಟ ಕಾವಲುಗಾರ, ಅದೇ ದಾರಿಯಲ್ಲಿ ಬರುವ ಕೊಲೆಗಡುಕನನ್ನು ತಡೆಯಲಾರ.