ಬಿಡುಗಡೆಗೆ ಮುಂಚೆ ಬಿಚ್ಚಬಾರದ ಕಟ್ಟು

"ಬುದ್ಧೀ, ನನ್ನ ಪುಸ್ತಕ ಅಚ್ಚಾಗಿ ಬಂತು. ನಾನೇ ಹಾಕ್ಸಿದ್ದು. ಅಕ್ಷರ ಕಲಿಸಿದ ನಮ್ಮ ಮೇಷ್ಟ್ರಿಗೆ ಅರ್ಪಣೆ. ಬಿಡುಗಡೆ ಯಾವತ್ತು ಇಟ್ಕೊಳ್ಳಲಿ?" ಅಂತ ಚೆನ್ನಬಸವ ಪಂಚಾಂಗ ಹಿಡ್ಕೊಂಡು ಕೇಳಿದ.

ಗುರುಗಳು ಎಲೆಗೆ ಸುಣ್ಣ ಸವರ್ತಾ ಹೇಳಿದ್ರು:

ಒಬ್ಬ ಬಳೆ ವ್ಯಾಪಾರಿ ಇದ್ದ. ತಾಯಿಲ್ಲದ ಅವನನ್ನ ಅಕ್ಕ ಸಾಕಿದ್ಳು. ಬಳೆ ಮಲಾರ ಹೊತ್ತು ಊರೂರು ತಿರುಗಿ ಓದಿಸಿದ್ಳು. ಅವಳ ಕತೆನೇ ಬರೆದ, ಅಚ್ಚು ಹಾಕಿಸಿದ. ಕಟ್ಟುಗಳನ್ನ ಮಂಚದ ಕೆಳಗೆ ತುರುಕಿದ. ಮಂಚ ಎಷ್ಟು ಮೇಲೆದ್ದಿತು ಅಂದ್ರೆ, ಮಲಗಿದ್ರೆ ಮೂಗು ಹೆಂಚಿಗೆ ತಾಗೋದು.

"ಬುದ್ಧೀ, ಇದು ಸ್ವಲ್ಪ ಜಾಸ್ತಿ ಆಯ್ತು."

"ನಿನಗೇನಯ್ಯಾ ಕಷ್ಟ? ಮೂಗು ಅವನದು."

ಅಕ್ಕ ಕೇಳಿದ್ಳು, "ನನ್ನ ಹೆಸರು ಅಚ್ಚಲ್ಲಿ ಹೆಂಗೆ ಕಾಣ್ತದೋ, ಒಂದು ಸಲ ತೋರ್ಸೋ. ಕಣ್ಣು ಮಂಜಾಗ್ತಾ ಇದೆ."

"ಅತಿಥಿಗಳು ಬಿಚ್ಚೋ ಮುಂಚೆ ನಾವು ಬಿಚ್ಚಿದ್ರೆ ಎಂಜಲು ಮಾಡಿದ ಹಾಗಕ್ಕಾ. ಒಳ್ಳೆ ದಿನ ಬರ್ಲಿ, ತಡಿ."

ಆಷಾಢ ಬೇಡ ಅಂದ. ಶ್ರಾವಣದಲ್ಲಿ ಸಭಾಂಗಣ ಸಿಗಲಿಲ್ಲ. ಆಮೇಲೆ ಪಿತೃಪಕ್ಷ. ನವೆಂಬರಲ್ಲಿ ಅತಿಥಿಗಳಿಗೆ ಎಷ್ಟು ಸನ್ಮಾನ ಅಂದ್ರೆ, ಹಾರದ ಭಾರಕ್ಕೆ ಕತ್ತು ಒಂದು ಗೇಣು ಕುಗ್ಗಿತ್ತಂತೆ. ಅವರೂ ಬರಲಿಲ್ಲ. ಮುಂದೆ ಧನುರ್ಮಾಸ. ಅಕ್ಕ ಮಂಚದ ಪಕ್ಕ ಕೂತು, ಕಟ್ಟಿನ ಮೇಲಿನ ಧೂಳು ಒರೆಸ್ತಿದ್ಳು. ಬಿಚ್ಚಲಿಲ್ಲ. ತಮ್ಮ ಬೇಡ ಅಂದಿದ್ದ.

ಕೊನೆಗೆ ಒಳ್ಳೆ ದಿನ ಬಂತು. ಜನ ತುಂಬಿದ್ರು. ಅತಿಥಿ ಬಣ್ಣದ ಕಾಗದ ಹರಿದು, ಮೊದಲ ಪ್ರತಿಯನ್ನ ಅಕ್ಕನ ಕೈಗಿಟ್ಟರು. ಚಪ್ಪಾಳೆ ಬಿತ್ತು. ಅವಳು ಪುಸ್ತಕ ಸವರಿದ್ಳು, ಮೂಸಿದ್ಳು.

"ನುಣ್ಣಗಿದೆ ಕಣಪ್ಪಾ. ನನ್ನ ಹೆಸರೆಲ್ಲಿದೆ? ಬೆರಳಿಟ್ಟು ತೋರ್ಸು."

ಆಗಲೇ ಅವನಿಗೆ ಗೊತ್ತಾಗಿದ್ದು, ಅಕ್ಕನ ಕಣ್ಣು ಪೂರಾ ಹೋಗಿದೆ ಅಂತ. ಅವಳ ಬೆರಳು ಹಿಡಿದು ಹೆಸರಿನ ಮೇಲಿಟ್ಟ. ಭಾಷಣ ಎಲ್ಲಾ ಮುಗಿದು, ಕುರ್ಚಿ ಮಡಚೋ ತನಕ ಆ ಬೆರಳು ಅಲ್ಲಿಂದ ಕದಲಲಿಲ್ಲ.

ಗುರುಗಳು ಕತೆಯನ್ನ ಅಲ್ಲಿಗೇ ನಿಲ್ಲಿಸಿದ್ರು. ಸುಣ್ಣ ಸವರಿದ ಎಲೆ ಕೈಯಲ್ಲೇ ಒಣಗಿತ್ತು. ಈ ಕೊನೇ ಭಾಗಕ್ಕೆ ಅವರು ಉಪ್ಪು ಖಾರ ಏನೂ ಸೇರಿಸಿಲ್ಲ ಅಂತ ಚೆನ್ನಬಸವನಿಗೆ ಅನ್ನಿಸ್ತು. ಪಂಚಾಂಗ ಮುಚ್ಚಿದ.

ಗುರುಗಳು ಕೇಳಿದ್ರು, "ನಿಮ್ಮ ಮೇಷ್ಟ್ರ ಊರಿಗೆ ಈಗ ಬಸ್ಸು ಎಷ್ಟೊತ್ತಿಗಪ್ಪಾ?"